ಪ್ಲಾಸ್ಟಿಕ್ ಗಿಫ್ಟ್ ಕಾರ್ಡ್ ಬಿಡಲು ನಮಗೆ ಆರು ತಿಂಗಳು ಹಿಡಿಯಿತು

ಜೂನ್ ಮೊದಲ ವಾರ. ಮಳೆ ಹಿಡಿದು ಮೂರು ದಿನ ಆಗಿತ್ತು. ಬೆಳಿಗ್ಗೆ ಸ್ನಾನಕ್ಕೆ ಹೋದರೆ ಬಚ್ಚಲುಮನೆ ತುಂಬ ಹೊಗೆ. ಹಸಿ ಸೌದೆಯ ಹೊಗೆ ಅಲ್ಲ ಅದು. ಮೂಗು ಉರಿಯುತ್ತಿತ್ತು, ಗಂಟಲು ಹಿಡಿಯುತ್ತಿತ್ತು. ಹಂಡೆ ಒಲೆಯ ಮುಂದೆ ಅತ್ತೆ ಕೆಮ್ಮುತ್ತಾ ಕೂತಿದ್ದರು. "ಸೌದೆ ಹತ್ತುತ್ತಲೇ ಇರಲಿಲ್ಲ ಮಗಾ. ಮೂಲೆಯಲ್ಲಿ ಒಂದು ರಟ್ಟಿನ ಡಬ್ಬಿ ಇತ್ತಲ್ಲ, ಅದನ್ನ ಹಾಕಿದೆ" ಅಂದರು.

ಆ ಡಬ್ಬಿಯೊಳಗೆ ನಮ್ಮ ಅಂಗಡಿಯ ಗಿಫ್ಟ್ ಕಾರ್ಡ್‌ಗಳ ಒಂದು ಕಟ್ಟು ಇತ್ತು. ಗಿರಾಕಿಗಳು ಬಳಸಿ ಮುಗಿಸಿ ವಾಪಸ್ ಕೊಟ್ಟವು, ಸುಮಾರು 30. ಇಕ್ಕಳದಲ್ಲಿ ಎಳೆದು ತೆಗೆಯುವಷ್ಟರಲ್ಲಿ ಎಲ್ಲ ಕರಿದಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅತ್ತೆಗೆ ಎರಡು ದಿನ ಕೆಮ್ಮು ನಿಲ್ಲಲಿಲ್ಲ. ಆ ಎರಡು ದಿನ ನನಗೆ ಬೇರೆ ಏನೂ ತಲೆಗೆ ಹೋಗಲಿಲ್ಲ.

ಮಡಿಕೇರಿಯಲ್ಲಿ ನಮ್ಮದು ಸಣ್ಣ ಅಂಗಡಿ. ಕಾಫಿಪುಡಿ, ಏಲಕ್ಕಿ, ಕರಿಮೆಣಸು, ಜೇನು, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿರಸ) ಮಾರುತ್ತೇವೆ. ಎರಡು ವರ್ಷದ ಹಿಂದೆ ಗಿಫ್ಟ್ ಕಾರ್ಡ್ ಶುರು ಮಾಡಿದೆವು. ಒಬ್ಬರು ಮೊದಲೇ ದುಡ್ಡು ಕಟ್ಟಿ ಕೊಳ್ಳುತ್ತಾರೆ, ಕಾರ್ಡ್ ತಂದವರಿಗೆ ಅಷ್ಟು ಮೊತ್ತದ ಸಾಮಾನು ಕೊಡುತ್ತೇವೆ. ಹೋಂಸ್ಟೇ ನಡೆಸುವವರು ಹತ್ತಿಪ್ಪತ್ತು ಕಾರ್ಡ್ ಒಟ್ಟಿಗೆ ತಗೊಂಡು ತಮ್ಮ ಅತಿಥಿಗಳಿಗೆ ಕೊಡುತ್ತಾರೆ. ಮದುವೆ, ಗೃಹಪ್ರವೇಶಕ್ಕೂ ಜನ ತಗೊಳ್ಳುತ್ತಾರೆ. ಆಗ ಒಂದಕ್ಕೆ 14 ರೂಪಾಯಿಯಂತೆ 1,000 ಪ್ಲಾಸ್ಟಿಕ್ ಕಾರ್ಡ್ ಮಾಡಿಸಿದ್ದೆವು. ಎಟಿಎಂ ಕಾರ್ಡ್ ಅಳತೆಯವು. ಆ ಅಳತೆ ಲೋಕಕ್ಕೆಲ್ಲ ಒಂದೇ, 85.6 ಮಿಲಿಮೀಟರ್ ಉದ್ದ, 54 ಅಗಲ, ಮುಕ್ಕಾಲು ಮಿಲಿಮೀಟರ್ ದಪ್ಪ. ತಕ್ಕಡಿಯಲ್ಲಿಟ್ಟರೆ ಒಂದು ಕಾರ್ಡ್ ಸುಮಾರು 5 ಗ್ರಾಂ. ಅಂದರೆ 1,000 ಕಾರ್ಡಿಗೆ 5 ಕೆ.ಜಿ. ಪ್ಲಾಸ್ಟಿಕ್.

ಅದು ಪಿವಿಸಿ. ನೀರಿನ ಪೈಪ್ ಮಾಡುವ ಪ್ಲಾಸ್ಟಿಕ್ಕೇ ಇದು. ಅದರಲ್ಲಿ ಕ್ಲೋರಿನ್ ಇದೆ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನ್ನುವ ಖಾರದ ಅನಿಲ ಬರುತ್ತದೆ, ಡಯಾಕ್ಸಿನ್ ಅನ್ನುವ ವಿಷವೂ ಹುಟ್ಟುತ್ತದೆ. ನಮ್ಮ ಕಡೆ ಹಂಡೆ ಒಲೆ ಇಲ್ಲದ ಹಳೆ ಮನೆ ಕಡಿಮೆ. ಗಿರಾಕಿ ಮನೆಗೆ ಒಯ್ದ ಕಾರ್ಡ್ ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಒಲೆಗೆ ಹೋಗದಿದ್ದರೆ ತೋಡಿಗೆ, ತೋಡಿನಿಂದ ಕಾವೇರಿಗೆ.

2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿ ತೆಗೆದು ನೋಡಿದೆ. ಪ್ಲಾಸ್ಟಿಕ್ ಚಮಚ, ತಟ್ಟೆ, ಸ್ಟ್ರಾ ಇದೆ. ಸಿಹಿ ಡಬ್ಬಿ, ಆಮಂತ್ರಣ ಪತ್ರಿಕೆಗೆ ಸುತ್ತುವ ತೆಳು ಹಾಳೆಯೂ ಇದೆ. ಗಿಫ್ಟ್ ಕಾರ್ಡ್ ಇಲ್ಲ. ಯಾರೂ ನಮ್ಮನ್ನು ಕೇಳುವಂತಿರಲಿಲ್ಲ. ಆದರೂ ಬಿಡಬೇಕು ಅಂತ ಮನೆಯವರೂ ನಾನೂ ಆವತ್ತೇ ತೀರ್ಮಾನ ಮಾಡಿದೆವು. ದಸರಾ ಹೊತ್ತಿಗೆ ಹೊಸ ಕಾರ್ಡ್ ಇರಬೇಕು ಅಂತ ಲೆಕ್ಕ ಹಾಕಿದೆವು. ನಾಲ್ಕು ತಿಂಗಳು ಧಾರಾಳ ಸಾಕು ಅಂದುಕೊಂಡಿದ್ದೆವು.

ಮೊದಲು ಹೊಳೆದದ್ದು, ಕಾರ್ಡೇ ಬೇಡ, ವಾಟ್ಸಾಪಿನಲ್ಲಿ ಕೋಡ್ ಕಳಿಸೋಣ ಅಂತ. ಅದಕ್ಕೆ ಏನೂ ಖರ್ಚಿಲ್ಲ. ಎರಡು ವಾರ ಹಾಗೇ ಮಾಡಿ ನೋಡಿದೆವು. ಬೆಂಗಳೂರಿನ ಗಿರಾಕಿಗಳಿಗೆ ಇಷ್ಟ ಆಯಿತು. ಊರಿನವರಿಗೆ ಆಗಲಿಲ್ಲ. "ಮದುವೆ ಮನೆಯಲ್ಲಿ ಕೈಗೆ ಏನು ಕೊಡೋದು ಅಕ್ಕಾ?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ಅದೂ ಅಲ್ಲದೆ ಜೋರು ಮಳೆಗೆ ಮರ ಬಿದ್ದು ಕರೆಂಟು ಹೋದರೆ ಒಂದೊಂದು ಕಡೆ ಎರಡು ಮೂರು ದಿನ ಬರುವುದಿಲ್ಲ. ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಒಬ್ಬ ಹಿರಿಯರು ತೋಟದಿಂದ ಮಳೆಯಲ್ಲಿ ಬಂದು ಫೋನ್ ತೆಗೆದರೆ ಮೆಸೇಜೇ ತೆರೆಯಲಿಲ್ಲ. ನಂಬಿಕೆ ಮೇಲೆ ಸಾಮಾನು ಕೊಟ್ಟು ಕಳಿಸಿದೆ. ಫೋನಿನ ಕಾರ್ಡ್ ಇರಲಿ, ಆದರೆ ಅದೊಂದನ್ನೇ ನಂಬಬೇಡಿ.

ಜುಲೈನಲ್ಲಿ ಬೀಜದ ಕಾಗದದ ಕಾರ್ಡ್ ತರಿಸಿದೆ. ಹತ್ತಿ ಬಟ್ಟೆ ಚೂರಿನಿಂದ ಕೈಯಲ್ಲೇ ಮಾಡುವ ಕಾಗದ. ಒಳಗೆ ತುಳಸಿ, ಚೆಂಡುಹೂವಿನ ಬೀಜ. ಬಳಸಿ ಆದ ಮೇಲೆ ಮಣ್ಣಿಗೆ ಹಾಕಿದರೆ ಗಿಡ. ನೋಡಿದ ಕೂಡಲೇ ಮನಸ್ಸು ಸೋತಿತು. ಮಗಳಂತೂ ಅದನ್ನು ಕೈಬಿಡಲಿಲ್ಲ. 50 ಕಾರ್ಡಿನ ಮಾದರಿಗೆ 1,150 ರೂಪಾಯಿ ಕೊಟ್ಟೆ. ಬಂದದ್ದು ಕಕ್ಕಡದಲ್ಲಿ, ಕೊಡಗಿನಲ್ಲಿ ಮಳೆ ಜೋರಾಗಿರುವ ತಿಂಗಳು. ಕಕ್ಕಡದ ಮಳೆ ಅಂದರೆ ನಮ್ಮವರಿಗೆ ಗೊತ್ತಲ್ಲ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು. ಕಾರ್ಡ್‌ಗಳನ್ನು ಗಲ್ಲಾದ ಡ್ರಾಯರಿನಲ್ಲಿ ಇಟ್ಟಿದ್ದೆ. ಒಂಬತ್ತನೇ ದಿನ ತೆಗೆದರೆ ಬಿಳಿ ಬೂಷ್ಟು. ಬೀಜ ಇದ್ದ ಜಾಗದಲ್ಲೆಲ್ಲ ಕಪ್ಪು ಚುಕ್ಕೆ. ಕಾಗದ ಅಪ್ಪಳದಂತೆ ಡೊಂಕಾಗಿತ್ತು. ಇನ್ನೊಂದು ತೊಂದರೆಯೂ ಇತ್ತು. ಬೀಜದ ಮೇಲೆ ಬಾರ್‌ಕೋಡಿನ ಗೆರೆ ಬಂದರೆ ಅದು ಉಬ್ಬುತ್ತದೆ, ಮುರಿಯುತ್ತದೆ. ಮಾಮೂಲಿ ಲೇಸರ್ ಪ್ರಿಂಟರಿಗೆ ಹಾಕಲೂ ಆಗದು, ಅದರ ಬಿಸಿ ರೋಲರಿಗೆ ಬೀಜ ನುಗ್ಗಾಗುತ್ತದೆ. ಬಯಲುಸೀಮೆಯ ಅಂಗಡಿಗೆ ಈ ಕಾರ್ಡ್ ಚೆನ್ನಾಗಿ ನಡೆಯಬಹುದು. ಮಲೆನಾಡಿನವರು ಮಾತ್ರ ಮಳೆಗಾಲದಲ್ಲಿ ಮಾದರಿ ತರಿಸಿ, ಡ್ರಾಯರಿನಲ್ಲಿ ಹದಿನೈದು ದಿನ ಇಟ್ಟು ನೋಡದೆ ಆರ್ಡರ್ ಕೊಡಬೇಡಿ. ಬೇಸಿಗೆಯಲ್ಲಿ ಎಲ್ಲ ಕಾಗದವೂ ಚೆನ್ನಾಗೇ ಇರುತ್ತದೆ.

ಬೂಷ್ಟು ಹಿಡಿದ ಕಾರ್ಡ್‌ಗಳನ್ನು ಮಗಳು ಹಿತ್ತಲಲ್ಲಿ ಹೂತಳು. ಮೂರು ತುಳಸಿ ಎದ್ದಿವೆ.

ಅದೇ ಹೊತ್ತಿಗೆ ಹಳೆ ಕಾರ್ಡ್ ಮಾಡಿಕೊಟ್ಟವರಿಗೆ ಫೋನ್ ಮಾಡಿದ್ದೆ. ಮೆಕ್ಕೆಜೋಳದಿಂದ ಮಾಡಿದ 'ಬಯೋ' ಕಾರ್ಡ್ ಇದೆ, ಪೂರ್ತಿ ಕೊಳೆಯುತ್ತದೆ ಅಂದರು. ಒಂದಕ್ಕೆ 22 ರೂಪಾಯಿ. ಯಾವ ವಸ್ತು ಅಂತ ಮೂರು ಸಲ ಕೇಳಿದ ಮೇಲೆ ಪಿಎಲ್‌ಎ ಅಂದರು. ಮೆಕ್ಕೆಜೋಳದ ಪಿಷ್ಟದಿಂದ ಅದನ್ನು ಮಾಡುವುದು ನಿಜ. ಆದರೆ ಅದು ಸರಿಯಾಗಿ ಕೊಳೆಯಬೇಕಾದರೆ 60 ಡಿಗ್ರಿ ಹತ್ತಿರದ ಬಿಸಿಯನ್ನು ವಾರಗಟ್ಟಲೆ ಹಿಡಿದಿಡುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು. ಮಡಿಕೇರಿಯ ಚಳಿಯಲ್ಲಿ, ಹಿತ್ತಲ ಗೊಬ್ಬರದ ಗುಂಡಿಯಲ್ಲಿ ಅದು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ನೋಡಲು ಪ್ಲಾಸ್ಟಿಕ್ಕಿನಂತೆಯೇ ಇರುವುದರಿಂದ ಗುಜರಿಯವರೂ ಬೇರೆ ಮಾಡುವುದಿಲ್ಲ. ಯಾರಾದರೂ 'ಇಕೋ' ಅಂದರೆ ಮೊದಲು ವಸ್ತುವಿನ ಹೆಸರು ಕೇಳಿ. ಆಮೇಲೆ ಎಷ್ಟು ಬಿಸಿಯಲ್ಲಿ, ಎಲ್ಲಿ ಕೊಳೆಯುತ್ತದೆ ಅಂತ ಕೇಳಿ.

ಆಗಸ್ಟ್‌ನಲ್ಲಿ ಮರದ ಹುಚ್ಚು ಹಿಡಿಯಿತು. ನಮ್ಮ ತೋಟಗಳಲ್ಲಿ ಕಾಫಿಗೆ ನೆರಳಿಗೆ ಅಂತ ಸಿಲ್ವರ್ ಓಕ್ ಇದ್ದೇ ಇದೆ. ಅದರದೇ ತೆಳು ಹಾಳೆಯಲ್ಲಿ ಕಾರ್ಡ್ ಮಾಡಿದರೆ ಊರಿನ ಗುರುತೂ ಆಗುತ್ತದೆ ಅಲ್ವಾ? ಮೈಸೂರಿನಲ್ಲಿ ಲೇಸರಿನಲ್ಲಿ ಕೊರೆದು ಕೊಡುವವರ ಹತ್ತಿರ ಹತ್ತು ಕಾರ್ಡ್ ಮಾಡಿಸಿದೆವು, 850 ರೂಪಾಯಿ. ಎಷ್ಟು ಚಂದ ಇತ್ತು ಅಂದರೆ ಅತ್ತೆ ಒಂದನ್ನು ದೇವರ ಕೋಣೆಯಲ್ಲಿ ಇಟ್ಟರು. ಆದರೆ ನಮ್ಮ ಸ್ಕ್ಯಾನರಿಗೆ ಅದು ಕಾಣಿಸಲೇ ಇಲ್ಲ. ಕೊರೆದ ಗೆರೆಗೂ ಮರಕ್ಕೂ ಬಣ್ಣದ ವ್ಯತ್ಯಾಸ ಸಾಲದು. ಮೇಲಾಗಿ ನಾರಿನ ಗೆರೆಗಳು ಬೇರೆ. ಕ್ಯುಆರ್ ಕೋಡ್ ಕೊರೆಸೋಣ ಅಂದರೆ ನಮ್ಮಲ್ಲಿ ಇರುವುದು ಹಳೆಯ ಲೇಸರ್ ಸ್ಕ್ಯಾನರ್. ಅದು ಗೆರೆ ಬಾರ್‌ಕೋಡ್ ಮಾತ್ರ ಓದುತ್ತದೆ, ಕ್ಯುಆರ್ ಓದುವುದಿಲ್ಲ. ಒಂದಕ್ಕೆ 85 ರೂಪಾಯಿ ಕೊಟ್ಟು 200 ರೂಪಾಯಿಯ ಗಿಫ್ಟ್ ಕಾರ್ಡ್ ಮಾರಲೂ ಆಗದು. ಮರ ಕೈಬಿಟ್ಟೆವು. ನನಗೆ ತುಂಬ ಬೇಸರ ಆದದ್ದು ಈ ಹಂತದಲ್ಲೇ. ಮೂರು ತಿಂಗಳು ಆಗಿತ್ತು, ಎರಡು ಸಾವಿರ ರೂಪಾಯಿ ಹೋಗಿತ್ತು, ಕೈಯಲ್ಲಿ ಒಂದು ಕಾರ್ಡೂ ಇರಲಿಲ್ಲ.

ಆ ಸಂಜೆ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗ ಬೇರೆ ಕೆಲಸಕ್ಕೆ ಅಂಗಡಿಗೆ ಬಂದಿದ್ದ. ನನ್ನ ಗೋಳು ಕೇಳಿ, "ಅಕ್ಕಾ, ದುಡ್ಡು ಕಾರ್ಡಿನಲ್ಲಿ ಎಲ್ಲಿದೆ? ಕಂಪ್ಯೂಟರಿನಲ್ಲಿ ಇದೆ. ಕಾರ್ಡಿನಲ್ಲಿ ಇರೋದು ಬರೀ ಒಂದು ನಂಬರು" ಅಂದ.

ನನಗೆ ಬೇಕಾಗಿದ್ದದ್ದು ಆ ಮಾತು. 12 ಅಂಕಿ ಹೊರಲು 5 ಗ್ರಾಂ ಪಿವಿಸಿ ಯಾಕೆ? ಎಟಿಎಂ ಕಾರ್ಡ್ ವರ್ಷಗಟ್ಟಲೆ ಬಾಳಬೇಕು, ಅದಕ್ಕೆ ಗಟ್ಟಿ ಬೇಕು. ಗಿಫ್ಟ್ ಕಾರ್ಡ್ ನಮ್ಮಲ್ಲಿ ಹೆಚ್ಚೆಂದರೆ ಎರಡು ಸಲ ಗಲ್ಲಾಕ್ಕೆ ಬರುತ್ತದೆ. ನಾನು ಅಲ್ಲಿಯವರೆಗೆ ಪ್ಲಾಸ್ಟಿಕ್ಕಿನಷ್ಟೇ ಗಟ್ಟಿಯಾದ, ಪ್ಲಾಸ್ಟಿಕ್ಕಿಗಿಂತ ಚಂದದ ವಸ್ತು ಹುಡುಕುತ್ತಿದ್ದೆ. ಹುಡುಕಬೇಕಾಗಿದ್ದದ್ದು ಒಂದು ನಂಬರನ್ನು ಒಂದು ವರ್ಷ ಕಾಪಾಡುವ ಸಾಧಾರಣ ರಟ್ಟು. ರಟ್ಟು ಒದ್ದೆಯಾಗಿ ಹಾಳಾದರೂ ದುಡ್ಡು ಹಾಳಾಗದಂತೆ ಲೆಕ್ಕ ಇಟ್ಟರೆ ಆಯಿತು. ಈ ದಾರಿ ಹಿಡಿಯುವವರು ದಯವಿಟ್ಟು ಮೊದಲ ದಿನವೇ ಬಿಲ್ಲಿಂಗಿನವರ ಹತ್ತಿರ ಮಾತಾಡಿ. ನಾನು ಕೊನೆಗೆ ಮಾತಾಡಿದೆ.

ಅವನೇ ಎರಡು ಬದಲಾವಣೆ ಮಾಡಿಕೊಟ್ಟ, 2,500 ರೂಪಾಯಿ ತಗೊಂಡ. ಒಂದು, ಗಲ್ಲಾದಲ್ಲಿ ಮಾರುವವರೆಗೆ ಕಾರ್ಡಿನ ನಂಬರಿಗೆ ಜೀವ ಇಲ್ಲ. ಕದ್ದುಕೊಂಡು ಹೋದರೂ ಅದು ಬರೀ ರಟ್ಟು. ಎರಡು, ಮಾರುವಾಗ ಕೊಂಡವರ ಫೋನ್ ನಂಬರ್ ದಾಖಲಾಗುತ್ತದೆ. ಕಾರ್ಡ್ ಕಳೆದರೆ, ಒದ್ದೆಯಾದರೆ, ಅವರು ಹೇಳಿದರೆ ಹಳೆ ನಂಬರ್ ನಿಲ್ಲಿಸಿ ಹೊಸದು ಕೊಡಬಹುದು. ಹಳೆ ಕಾರ್ಡಿನಲ್ಲಿ ಗುಟ್ಟಿನ ಅಂಕಿಯ ಮೇಲೆ ಕೆರೆದು ತೆಗೆಯುವ ಬೆಳ್ಳಿ ಪಟ್ಟಿ ಇತ್ತು. ಅದೂ ಒಂದು ರೀತಿ ಪ್ಲಾಸ್ಟಿಕ್ಕೇ. ಈಗ ಬೇಡವಾಯಿತು. ಕಾರ್ಡ್‌ಗಳನ್ನು ಹೊರಗೆ ನೇತುಹಾಕುವುದಿಲ್ಲ, ಗಲ್ಲಾದ ಹಿಂದೆ ಇಡುತ್ತೇವೆ. ನಂಬರ್ ಇರುವ ಬದಿ ಕಾಗದದ ಕವರಿನೊಳಗೆ ಮುಚ್ಚಿರುತ್ತದೆ. ಯಾರಾದರೂ ಫೋಟೋ ಹೊಡೆದುಕೊಂಡು ಆಮೇಲೆ ಬಳಸುವ ಭಯ ಹಾಗೆ ತಪ್ಪಿತು. ಕರೆಂಟು ಇಲ್ಲದ ದಿನಕ್ಕೆ ಒಂದು ರಿಜಿಸ್ಟರ್ ಪುಸ್ತಕವನ್ನೂ ಇಟ್ಟಿದ್ದೇನೆ. ನಂಬರ್, ಮೊತ್ತ, ಸಹಿ ಬರೆದುಕೊಂಡು, ಕರೆಂಟು ಬಂದ ಮೇಲೆ ಕಂಪ್ಯೂಟರಿಗೆ ಏರಿಸುತ್ತೇವೆ.

ಸೆಪ್ಟೆಂಬರಿನಲ್ಲಿ ಪ್ರೆಸ್ಸಿಗೆ ಹೋದೆ. 350 ಜಿಎಸ್‌ಎಂ ರಟ್ಟು, ಅಂದರೆ ಒಂದು ಚದರ ಮೀಟರಿಗೆ 350 ಗ್ರಾಂ ತೂಗುವ ರಟ್ಟು ಆರಿಸಿದೆವು. ಮದುವೆ ಪತ್ರಿಕೆಯ ದಪ್ಪನೆ ಹಾಳೆಗಿಂತ ಸ್ವಲ್ಪ ಗಟ್ಟಿ. ಪ್ರೆಸ್ಸಿನವರು ಒಳ್ಳೆಯವರು. ಆದರೆ ಅವರ ಮೊದಲ ಸಲಹೆಯೇ, "ಮಳೆ ಊರು, ಲ್ಯಾಮಿನೇಷನ್ ಹಾಕಿಸಿಬಿಡಿ ಮೇಡಂ." ಲ್ಯಾಮಿನೇಷನ್ ಅಂದರೆ ಮೇಲೆ ಅಂಟಿಸುವ ಪ್ಲಾಸ್ಟಿಕ್ ಪದರ. ಆಗ ಅದು ಕಾಗದವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಕಾಗದದ ಗುಜರಿಗೂ ಹೋಗುವುದಿಲ್ಲ, ಗೊಬ್ಬರಕ್ಕೂ ಆಗುವುದಿಲ್ಲ. ಸುಮ್ನೆ ಇಷ್ಟೆಲ್ಲ ಮಾಡಿ ಕೊನೆಗೆ ಅದೇ ಒಲೆಗೆ ಪ್ಲಾಸ್ಟಿಕ್ ಕಳಿಸಿದಂತೆ. ನೀರಿನಲ್ಲಿ ಕಲಸುವ ಮಂದ ವಾರ್ನಿಷ್ ಒಂದು ಕೈ ಸಾಕು ಅಂದೆ. ಅವರಿಗೆ ಒಪ್ಪಿಗೆ ಆಗಲಿಲ್ಲ. ಅದಕ್ಕೆ ಎರಡು ಮಾದರಿ ಕಾರ್ಡ್ ತಂದು ಅಂಗಡಿ ಹುಡುಗನ ಮಳೆ ಕೋಟಿನ ಜೇಬಿನಲ್ಲಿ ಒಂದು ವಾರ ಇಡಿಸಿದೆ. ದಿನಾ ಬೈಕಿನಲ್ಲಿ ಬರುವವನು. ವಾರದ ಕೊನೆಗೆ ಅಂಚು ಮೆತ್ತಗಾಗಿತ್ತು, ಒಂದು ಮೂಲೆ ಪದರ ಬಿಟ್ಟಿತ್ತು. ನಂಬರ್ ಸ್ಪಷ್ಟವಾಗಿ ಇತ್ತು. ಅಷ್ಟು ಸಾಕು.

ಮೊದಲ ಕಂತು 300 ಕಾರ್ಡ್ ಅಚ್ಚಾಗಿ ಬಂತು. ಕಂದು ರಟ್ಟು, ಕಾಫಿ ಬಣ್ಣದ ಶಾಯಿ, ಒಂದು ಕಾಫಿ ಕೊಂಬೆಯ ಚಿತ್ರ. ಸಂತೋಷದಿಂದ ಗಲ್ಲಾಕ್ಕೆ ತಂದು ಸ್ಕ್ಯಾನರ್ ಹಿಡಿದೆ. ಸದ್ದಿಲ್ಲ. ಇನ್ನೊಂದು ಕಾರ್ಡ್, ಸದ್ದಿಲ್ಲ. ಹತ್ತು ಕಾರ್ಡ್ ನೋಡಿದೆ. ಕಣ್ಣಿಗೆ ಗೆರೆಗಳು ಚೆನ್ನಾಗೇ ಕಾಣುತ್ತಿವೆ, ಸ್ಕ್ಯಾನರಿಗೆ ಕಾಣುತ್ತಿಲ್ಲ. ಕಾರಣ ಆಮೇಲೆ ತಿಳಿಯಿತು. ಸ್ಕ್ಯಾನರಿನ ಬೆಳಕು ಕೆಂಪು. ಕೆಂಪು, ಕಿತ್ತಳೆ, ಕೆಂಪು ಬೆರೆತ ಕಂದು ಬಣ್ಣಗಳು ಆ ಕೆಂಪು ಬೆಳಕನ್ನು ವಾಪಸ್ ಚೆಲ್ಲುತ್ತವೆ. ಹಾಗಾಗಿ ಗೆರೆಯೂ ಖಾಲಿ ಜಾಗವೂ ಅದಕ್ಕೆ ಒಂದೇ ಥರ. ಬಾರ್‌ಕೋಡ್ ಕಪ್ಪು ಶಾಯಿಯಲ್ಲೇ ಇರಬೇಕು, ಹಿಂದೆ ಬಿಳಿ ಅಥವಾ ತುಂಬ ತಿಳಿ ಬಣ್ಣ ಇರಬೇಕು, ಎಡಕ್ಕೂ ಬಲಕ್ಕೂ ಒಂದಿಷ್ಟು ಖಾಲಿ ಜಾಗ ಬಿಡಬೇಕು. 1,900 ರೂಪಾಯಿ ಕೊಟ್ಟು ಕಲಿತ ಪಾಠ ಇದು, ನೀವು ಪುಕ್ಕಟೆ ಕಲಿಯಿರಿ. ಪೂರ್ತಿ ಅಚ್ಚಿಗೆ ಮುಂಚೆ ಅದೇ ರಟ್ಟು, ಅದೇ ಶಾಯಿಯಲ್ಲಿ ಒಂದೇ ಒಂದು ಕಾರ್ಡ್ ತೆಗೆಸಿ ನಿಮ್ಮದೇ ಸ್ಕ್ಯಾನರಿನಲ್ಲಿ ನೋಡಿ. ಪ್ರೆಸ್ಸಿನವರ ಮೊಬೈಲಿನಲ್ಲಿ ಓದಿತು ಅಂದರೆ ಸಾಲದು.

ಆ 300 ಕಾರ್ಡಿಗೆ ತೂತು ಹಾಕಿ ದಾರ ಪೋಣಿಸಿ ಜೇನಿನ ಬಾಟಲಿಗಳಿಗೆ ಬೆಲೆ ಚೀಟಿ ಮಾಡಿದ್ದೇವೆ.

ಇಷ್ಟರಲ್ಲಿ ಇನ್ನೊಂದು ಆಸೆ ಹುಟ್ಟಿತು. ನಮ್ಮಿಂದ ಕಾರ್ಡ್ ತಗೊಳ್ಳುವ ಒಬ್ಬ ಹೋಂಸ್ಟೇಯವರು, "ಹೇಗೂ ಹೊಸದು ಮಾಡ್ತಿದ್ದೀರಿ, ಇದೇ ಕಾರ್ಡ್ ನಮ್ಮಲ್ಲೂ ನಡೆಯುವ ಹಾಗೆ ಮಾಡಿ" ಅಂದರು. ಒಂದೇ ಕಾರ್ಡ್ ಎರಡು ಕಡೆ ನಡೆದರೆ ಕಾರ್ಡಿನ ಸಂಖ್ಯೆಯೂ ಕಡಿಮೆ ಆಗುತ್ತದೆ ಅಂತ ನನಗೂ ಅನ್ನಿಸಿತು. ಆಡಿಟರ್ ಕೇಳಿದ ಕೂಡಲೇ ಬೇಡ ಅಂದರು. ನಮ್ಮದೇ ಅಂಗಡಿಯ ಸಾಮಾನಿಗೆ, ನಮ್ಮಲ್ಲೇ ನಡೆಯುವ, ನಗದು ವಾಪಸ್ ಕೊಡದ ಕಾರ್ಡಿಗೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕಿಲ್ಲ. 2021ರ ಆಗಸ್ಟ್ 27ರ ನಿರ್ದೇಶನದಲ್ಲಿ ಅದು ಸ್ಪಷ್ಟ ಇದೆ. ಅದೇ ಕಾರ್ಡ್ ಬೇರೆಯವರ ವ್ಯಾಪಾರದಲ್ಲೂ ನಡೆದರೆ ಆ ಗುಂಪಿನಿಂದ ಹೊರಗೆ ಬಂತು, ಒಪ್ಪಿಗೆ ಬೇಕಾಗುತ್ತದೆ. ಗೆಳೆತನದಲ್ಲಿ ಮಾಡಿಬಿಡುವ ಕೆಲಸ ಅಲ್ಲ ಅದು. ಜಿಎಸ್‌ಟಿ ಬಗ್ಗೆಯೂ ಆವತ್ತೇ ಬಿಡಿಸಿ ಹೇಳಿದರು. ಕಾರ್ಡ್ ಮಾರಿದಾಗ ತೆರಿಗೆ ಹಾಕುವುದಲ್ಲ. ಅದನ್ನು ಕೊಟ್ಟು ಸಾಮಾನು ಕೊಂಡಾಗ ಆ ಸಾಮಾನಿನ ತೆರಿಗೆ ಬರುತ್ತದೆ. ವೋಚರ್, ಅಂದರೆ ಇಂಥ ಕಾರ್ಡ್, ತಾನೇ ಸರಕೂ ಅಲ್ಲ, ಸೇವೆಯೂ ಅಲ್ಲ ಅಂತ 2024ರ ಡಿಸೆಂಬರ್ 31ರ ಸುತ್ತೋಲೆ ಹೇಳುತ್ತದಂತೆ. ಕಾರ್ಡ್ ಪ್ಲಾಸ್ಟಿಕ್ಕಿರಲಿ ರಟ್ಟಿರಲಿ, ನಿಯಮ ಒಂದೇ.

ದಸರಾಕ್ಕೆ ಆಗಲಿಲ್ಲ. ದಸರಾ ಗದ್ದಲದಲ್ಲಿ ಪ್ರೆಸ್ಸಿನವರಿಗೆ ಪುರುಸೊತ್ತೇ ಇರಲಿಲ್ಲ. ಆ ವಾರ ಪೂರ್ತಿ ಮತ್ತೆ ಪ್ಲಾಸ್ಟಿಕ್ ಕಾರ್ಡನ್ನೇ ಮಾರಬೇಕಾಯಿತು, ಪ್ರತಿ ಸಲ ಕೊಡುವಾಗಲೂ ಮನಸ್ಸಿಗೆ ಹಿಂಸೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವ ಜನ ಊರು ತುಂಬ ಇದ್ದಾಗ ಹೊಸ ಕಾರ್ಡ್ ಬಂತು. ಬಿಳಿ ರಟ್ಟು, ಕಪ್ಪು ಬಾರ್‌ಕೋಡ್, ಕೆಳಗೆ ದೊಡ್ಡ ಅಕ್ಷರದಲ್ಲಿ 12 ಅಂಕಿ. ಮುಂದಿನ ಬದಿಯಲ್ಲಿ ಅದೇ ಕಾಫಿ ಕೊಂಬೆ. ಕಂದು ಕಾಗದದ ಕವರು, ಅದಕ್ಕೆ ಸೆಣಬಿನ ದಾರ. ಸ್ಕ್ಯಾನರ್ ಕೀಂ ಅಂದಾಗ ನಮ್ಮ ಮನೆಯವರು ಗಲ್ಲಾದ ಆ ಕಡೆಯಿಂದ ಎದ್ದು ನಿಂತರು. ನನಗೆ ಕಣ್ಣು ತುಂಬಿತು.

ಖರ್ಚಿನ ಲೆಕ್ಕ ಕೇಳುವವರಿಗೆ ಹೇಳಿಬಿಡುತ್ತೇನೆ. ರಟ್ಟಿನ ಕಾರ್ಡ್ ಒಂದಕ್ಕೆ 4 ರೂಪಾಯಿ 20 ಪೈಸೆ, ಕವರಿಗೆ ಎರಡೂವರೆ ರೂಪಾಯಿ. 1,000ಕ್ಕೆ 6,700. ಕೆಟ್ಟುಹೋದ ಪ್ರಯೋಗಗಳಿಗೆ 3,900, ಸಾಫ್ಟ್‌ವೇರಿಗೆ 2,500. ಎಲ್ಲ ಸೇರಿ 13,100. ಇಷ್ಟೆಲ್ಲ ತಪ್ಪು ಮಾಡಿದ ಮೇಲೂ ಪ್ಲಾಸ್ಟಿಕ್ಕಿಗೆ ಕೊಟ್ಟ 14,000ಕ್ಕಿಂತ ಕಡಿಮೆ. ಮುಂದಿನ ಸಲ ಪ್ರಯೋಗದ ಖರ್ಚೂ ಇಲ್ಲ. ಗಿರಾಕಿಗಳಲ್ಲಿ ಇಬ್ಬರು ಮಾತ್ರ "ಮೊದಲಿನದ್ದು ಗಟ್ಟಿ ಇತ್ತು" ಅಂದರು. ನಂಬರ್ ನಮ್ಮಲ್ಲಿ ಭದ್ರ ಇದೆ ಅಂತ ವಿವರಿಸಿದ ಮೇಲೆ ಒಪ್ಪಿದರು. ಹೋಂಸ್ಟೇಯವರು ಕವರಿನ ಮೇಲೆ ಅತಿಥಿಯ ಹೆಸರು ಪೆನ್ನಿನಲ್ಲಿ ಬರೆಯಲು ಆಗುತ್ತದೆ ಅಂತ ಖುಷಿಪಟ್ಟಿದ್ದಾರೆ. ಪಿವಿಸಿ ಮೇಲೆ ಪೆನ್ನು ಹಿಡಿಯುತ್ತಿರಲಿಲ್ಲ.

ಉಳಿದದ್ದು ಹಳೆ ಕಾರ್ಡ್. ಎಲ್ಲಕ್ಕಿಂತ ಜಾಸ್ತಿ ಓಡಾಡಿಸಿದ್ದು ಅದೇ. ಮಾರದೆ ಉಳಿದವು 300, ಗಿರಾಕಿಗಳಿಂದ ವಾಪಸ್ ಬಂದವು 460. 60 ಕಾರ್ಡ್‌ಗಳನ್ನು ಅಂಗಡಿಯ ಕಪಾಟಿನಲ್ಲಿ ಹೆಸರಿನ ಪಟ್ಟಿಯಾಗಿ ಹಾಕಿದೆವು. ತೋಟದ ನರ್ಸರಿಯಲ್ಲಿ ಗಿಡಗಳ ಗುರುತಿಗೆ ಬಳಸಿ ಅಂತ ಯಾರೋ ಹೇಳಿದರು. ನಾನು ಒಪ್ಪಲಿಲ್ಲ, ಬಿಸಿಲು ಮಳೆಗೆ ಚೂರಾಗಿ ಮಣ್ಣಿಗೆ ಸೇರುತ್ತದೆ. ಮಿಕ್ಕ 700 ಕಾರ್ಡ್ ಮೂರೂವರೆ ಕೆ.ಜಿ. ತೂಗಿತು. ಊರಿನ ಗುಜರಿಯವರು ಮುಟ್ಟಲಿಲ್ಲ. ಬಾಟಲಿ ಪ್ಲಾಸ್ಟಿಕ್ಕಿನ ಜೊತೆ ಪಿವಿಸಿ ಸೇರಿದರೆ ಇಡೀ ಮೂಟೆ ಕೆಡುತ್ತದೆ ಅಂದರು, ಅದು ನಿಜವೇ. ಮೈಸೂರು ಇಲ್ಲಿಂದ ಸುಮಾರು 120 ಕಿ.ಮೀ. ಕಾಫಿಪುಡಿ ಪ್ಯಾಕೆಟ್ ತರಲು ಹೋದ ದಿನ ಚೀಲವನ್ನೂ ಗಾಡಿಗೆ ಹಾಕಿಕೊಂಡೆವು. ಪಿವಿಸಿ ಪೈಪಿನ ತುಂಡು ಕೊಳ್ಳುವ ಗುಜರಿ ಅಂಗಡಿ ಹುಡುಕಿ, ಮೂರನೆಯವರು ತಗೊಂಡರು. ದುಡ್ಡು ಕೇಳಲಿಲ್ಲ, ಅವರೂ ಕೊಡಲಿಲ್ಲ. ನಿಮ್ಮಲ್ಲಿ ಹಳೆ ಕಾರ್ಡ್ ಇದ್ದರೆ ಕಸದ ಗಾಡಿಗೆ ಒಂದೊಂದಾಗಿ ಹಾಕಬೇಡಿ, ಒಂದೇ ಚೀಲದಲ್ಲಿ ಕೂಡಿಡಿ. ಒಂದೊಂದು ಕಾರ್ಡನ್ನು ಯಾರೂ ಹೆಕ್ಕುವುದಿಲ್ಲ, ಮೂರು ಕೆ.ಜಿ. ಆದರೆ ಯಾರಾದರೂ ನೋಡುತ್ತಾರೆ.

ಇನ್ನೂ 210 ಪ್ಲಾಸ್ಟಿಕ್ ಕಾರ್ಡ್ ಜನರ ಹತ್ತಿರ ಇವೆ. ಅವಧಿ ಮುಗಿದಿದ್ದರೂ ಒಪ್ಪಿಕೊಳ್ಳುತ್ತೇವೆ ಅಂತ ಗಲ್ಲಾದ ಮುಂದೆ ಬೋರ್ಡ್ ಹಾಕಿದ್ದೇವೆ, ಖಾಲಿ ಕಾರ್ಡ್ ತಂದುಕೊಟ್ಟರೂ 10 ರೂಪಾಯಿ ಬಿಡುತ್ತೇವೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ವಾರದಲ್ಲಿ 23 ಬಂದವು. ಗಲ್ಲಾದ ಕೆಳಗೆ ಒಂದು ಹಳೆ ಬಿಸ್ಕತ್ ಡಬ್ಬಿ ಇಟ್ಟು, ಅದರ ಮೇಲೆ "ಒಲೆಗೆ ಹಾಕಬೇಡಿ" ಅಂತ ಅತ್ತೆಯೇ ಬರೆದು ಅಂಟಿಸಿದ್ದಾರೆ.